ಐದು ಎಸಳಿನ ಸ್ಕ್ರೂ, ಊದಿದ ಬ್ಯಾಟರಿ: ಯಾವುದನ್ನು ಮನೆಯಲ್ಲೇ ಬಿಚ್ಚಬಹುದು, ಯಾವುದನ್ನು ಮುಟ್ಟಬಾರದು?

ಪ್ರಶ್ನೆ: ನಮ್ಮ ಮನೆಯಲ್ಲಿ 2017ರ 13 ಇಂಚಿನ ಮ್ಯಾಕ್‌ಬುಕ್ ಏರ್ ಇದೆ. ಇತ್ತೀಚೆಗೆ ಟ್ರ್ಯಾಕ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುತ್ತಿಲ್ಲ. ಮೇಜಿನ ಮೇಲೆ ಇಟ್ಟರೆ ಸಮನಾಗಿ ಕೂರುವುದಿಲ್ಲ, ಅಲುಗಾಡುತ್ತದೆ. ಬ್ಯಾಟರಿ ಊದಿರಬೇಕು ಅಂತ ಅನುಮಾನ. ತಳದ ಸ್ಕ್ರೂಗಳು ಐದು ಎಸಳಿನ ಹೂವಿನ ಥರ ಇವೆ. ಹತ್ತಿರದ ಅಂಗಡಿಯವರು "ಇದು ಕಂಪನಿ ಸ್ಕ್ರೂ, ಹೊರಗಿನವರು ಬಿಚ್ಚೋ ಹಾಗಿಲ್ಲ, ಬಿಚ್ಚಿದ್ರೆ ಬೋರ್ಡ್ ಲಾಕ್ ಆಗುತ್ತೆ" ಅಂದರು. ನಮ್ಮ ಯಜಮಾನರು ಸಣ್ಣ ಫ್ಲ್ಯಾಟ್ ಸ್ಕ್ರೂಡ್ರೈವರ್‌ನಲ್ಲಿ ಪ್ರಯತ್ನಿಸಿ, ಒಂದು ಸ್ಕ್ರೂ ತಲೆ ಸವೆದುಹೋಗಿದೆ. ಬಾಲ್‌ಪೆನ್‌ನ ತುದಿ ಕರಗಿಸಿ ಸ್ಕ್ರೂ ಮೇಲೆ ಒತ್ತಿ ತಿರುಗಿಸುವ ವಿಡಿಯೊ ನೋಡಿದೆ. ಹಾಗೆ ಮಾಡಬಹುದಾ? ಇಂಥ ಸ್ಕ್ರೂ ಬಿಚ್ಚುವುದು ಕಾನೂನಿನ ಪ್ರಕಾರ ತಪ್ಪಾ? ಬಿಟ್ ಸೆಟ್ (ಸ್ಕ್ರೂಡ್ರೈವರ್‌ಗೆ ಸಿಕ್ಕಿಸುವ ಬೇರೆ ಬೇರೆ ತುದಿಗಳು) ತಂದರೆ ಕೆಟ್ಟು ಕೂತಿರುವ ಮೈಕ್ರೊವೇವ್ ಮತ್ತು ಮಗನ ನಿಂಟೆಂಡೊ ಸ್ವಿಚ್ ಕೂಡ ನಾವೇ ಬಿಚ್ಚಿ ನೋಡಬಹುದಾ? ಮೈಕ್ರೊವೇವ್ ಸ್ಕ್ರೂ ನಡುವೆ ಒಂದು ಸಣ್ಣ ಕಡ್ಡಿ ಇದೆ.
— ಓದುಗರು, ಶಿವಮೊಗ್ಗ

ಉತ್ತರ: ಪೆನ್ ಕರಗಿಸುವ ಯೋಚನೆಯನ್ನು ಈಗಲೇ ಬಿಟ್ಟುಬಿಡಿ. ಲ್ಯಾಪ್‌ಟಾಪ್ ಆಫ್ ಮಾಡಿ. ಚಾರ್ಜರ್ ತೆಗೆಯಿರಿ, ಮತ್ತೆ ಹಾಕಬೇಡಿ. ಈ ಉತ್ತರ ಓದಿ ಮುಗಿಸುವ ತನಕ ಅದನ್ನು ಹಾಸಿಗೆ, ಸೋಫಾ, ಪುಸ್ತಕದ ರಾಶಿಯಿಂದ ದೂರ ಇಡಿ. ಕಲ್ಲಿನ ಅಥವಾ ಟೈಲ್ಸ್ ನೆಲ ಒಳ್ಳೆಯದು.

ನೀವು ಕೇಳಿದ್ದು ಹೆಚ್ಚಾಗಿ ಸ್ಕ್ರೂ ಬಗ್ಗೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಟ್ರ್ಯಾಕ್‌ಪ್ಯಾಡ್ ವಿಷಯ. ಈ ಮಾಡೆಲ್‌ನಲ್ಲಿ ಬ್ಯಾಟರಿ ಟ್ರ್ಯಾಕ್‌ಪ್ಯಾಡ್ ಇರುವ ಮುಂಭಾಗದಲ್ಲೇ ಕೂತಿರುತ್ತದೆ. ಹಳೆಯ ಲಿಥಿಯಂ ಬ್ಯಾಟರಿ ಒಳಗೆ ರಾಸಾಯನಿಕ ಕೆಟ್ಟು ಅನಿಲ ಹುಟ್ಟುತ್ತದೆ, ಚೀಲ ಉಬ್ಬುತ್ತದೆ. ಮೇಲೆ ಟ್ರ್ಯಾಕ್‌ಪ್ಯಾಡನ್ನು ಒತ್ತುತ್ತದೆ, ಕೆಳಗೆ ತಳದ ಮುಚ್ಚಳವನ್ನು ನೂಕುತ್ತದೆ. ಕ್ಲಿಕ್ ಆಗದಿರುವುದು ಮತ್ತು ಮೇಜಿನ ಮೇಲೆ ಅಲುಗಾಡುವುದು, ಎರಡೂ ಸೇರಿದರೆ ನಿಮ್ಮ ಅನುಮಾನ ಸರಿ ಅಂತಲೇ ಹೇಳಬೇಕು. ಇಂಥ ಬ್ಯಾಟರಿಯ ಪಕ್ಕದಲ್ಲಿ ಬೆಂಕಿಕಡ್ಡಿ ಗೀರಿ ಪ್ಲಾಸ್ಟಿಕ್ ಕರಗಿಸುವುದು ಬೇಡವೇ ಬೇಡ. ಬ್ಯಾಟರಿ ಊದಿಲ್ಲದಿದ್ದರೂ ಆ ಉಪಾಯವನ್ನು ನಾನು ಹೇಳುವುದಿಲ್ಲ. ಪೆನ್ನಿನ ಪ್ಲಾಸ್ಟಿಕ್ ಮೆತ್ತಗೆ. ಸಡಿಲವಾಗಿರುವ ಸ್ಕ್ರೂ ಒಂದೆರಡು ಬರಬಹುದು. ಬಿಗಿಯಾಗಿರುವುದರಲ್ಲಿ ಪ್ಲಾಸ್ಟಿಕ್ ಮುರಿದು ತಲೆಯ ಗುಳಿಯೊಳಗೇ ಉಳಿಯುತ್ತದೆ. ಆಮೇಲೆ ಸರಿಯಾದ ಬಿಟ್ ತಂದರೂ ಒಳಗೆ ಕೂರುವುದಿಲ್ಲ. ಹಾಗೆ ಪ್ಲಾಸ್ಟಿಕ್ ತುಂಬಿಕೊಂಡು ರಿಪೇರಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೂ ಬಿಚ್ಚುವುದಕ್ಕಿಂತ ಸೂಜಿ ಹಿಡಿದು ಗುಳಿ ಸ್ವಚ್ಛ ಮಾಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ.

ಈಗ ಅಂಗಡಿಯವರ ಮಾತು. ನಿಮ್ಮ ದುಡ್ಡು ಕೊಟ್ಟು ಕೊಂಡ ಯಂತ್ರದ ಸ್ಕ್ರೂ ಬಿಚ್ಚುವುದು ನಮ್ಮ ದೇಶದಲ್ಲಿ ಅಪರಾಧ ಅಲ್ಲ. ಸರ್ಕಾರದ ಒಲವೂ ರಿಪೇರಿ ಸುಲಭವಾಗಲಿ ಅನ್ನುವ ಕಡೆಗೇ ಇದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ ಕೂಡ ತೆರೆಯಿತು. ವಾರಂಟಿ ಬೇರೆ ವಿಷಯ. ವಾರಂಟಿ ಇರುವ ಯಂತ್ರವನ್ನು ಹೊರಗೆ ಬಿಚ್ಚಿದರೆ ಕಂಪನಿ ಉಚಿತ ರಿಪೇರಿ ನಿರಾಕರಿಸಬಹುದು. ಬಿಚ್ಚುವ ಮೊದಲು ಷರತ್ತು ಓದಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮದು 2017ರದು, ವಾರಂಟಿ ಯಾವತ್ತೋ ಮುಗಿದಿದೆ.

"ಬೋರ್ಡ್ ಲಾಕ್ ಆಗುತ್ತೆ" ಅನ್ನುವುದು ನಿಮ್ಮ ಮಾಡೆಲ್‌ಗೆ ಸುಳ್ಳು. ತಳ ತೆಗೆದರೆ, ಬ್ಯಾಟರಿ ಬದಲಿಸಿದರೆ ಅದು ಏನೂ ಲಾಕ್ ಮಾಡಿಕೊಳ್ಳುವುದಿಲ್ಲ. ಆದರೆ ಈ ಮಾತು ಪೂರ್ತಿ ಗಾಳಿಯಿಂದ ಹುಟ್ಟಿದ್ದೂ ಅಲ್ಲ. 2018ರ ಐಫೋನ್ ಎಕ್ಸ್‌ಎಸ್, ಎಕ್ಸ್‌ಆರ್ ಮತ್ತು ಅವುಗಳ ನಂತರದ ಫೋನುಗಳಲ್ಲಿ ಹೊರಗಿನ ಬ್ಯಾಟರಿ ಹಾಕಿದರೆ ಪರದೆಯಲ್ಲಿ ಎಚ್ಚರಿಕೆ ಸಂದೇಶ ಬರುತ್ತದೆ. ಅಲ್ಲೂ ಅದನ್ನು ಮಾಡುವುದು ಸಾಫ್ಟ್‌ವೇರ್. ಸ್ಕ್ರೂಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಆ ಅಂಗಡಿಯಲ್ಲಿ ಬಹುಶಃ ಸರಿಯಾದ ಬಿಟ್ ಇರಲಿಲ್ಲ. ಇಲ್ಲ ಅಂತ ನೇರವಾಗಿ ಹೇಳಿದ್ದರೆ ನಿಮಗೆ ಇಷ್ಟು ಗೊಂದಲ ಆಗುತ್ತಿರಲಿಲ್ಲ.

ಹಾಗಾದರೆ ಈ ವಿಚಿತ್ರ ಸ್ಕ್ರೂಗಳನ್ನು ಯಾಕೆ ಹಾಕುತ್ತಾರೆ? ಇದಕ್ಕೆ ಒಂದೇ ಉತ್ತರ ಇಲ್ಲ. ನಾನು ಯಾವ ಹೊಸ ತಲೆ ಕಂಡರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಇದು ಇಲ್ಲಿ ಯಾರನ್ನು ತಡೆಯಲು ಇದೆ?

ಕೆಲವು ಯಾರನ್ನೂ ತಡೆಯುವುದಿಲ್ಲ. ಆರು ಎಸಳಿನ ಟಾರ್ಕ್ಸ್ ನೋಡಿ. 1967ರಲ್ಲಿ ಅಮೆರಿಕದ ಕ್ಯಾಮ್‌ಕಾರ್ ಟೆಕ್ಸ್‌ಟ್ರಾನ್ ಕಂಪನಿ ಅದನ್ನು ತಂದಿತು. ನಮಗೆ ಗೊತ್ತಿರುವ ಪ್ಲಸ್ ಸ್ಕ್ರೂನ ಗುಳಿಯ ಗೋಡೆ ಇಳಿಜಾರು. ಬಲ ಜಾಸ್ತಿ ಆದಾಗ ಬಿಟ್ ಮೇಲಕ್ಕೆ ಏರಿ ಜಾರುತ್ತದೆ, ತಲೆ ಸವೆಯುತ್ತದೆ. ಟಾರ್ಕ್ಸ್‌ನ ಗೋಡೆ ನೆಟ್ಟಗಿರುತ್ತದೆ, ಜಾರುವುದು ಕಡಿಮೆ. ಕಾರ್ಖಾನೆಯಲ್ಲಿ ಮೆಷಿನ್‌ನಿಂದ ಬಿಗಿಯಲು ಬಹಳ ಅನುಕೂಲ. ಹಾಗಾಗಿ ಟಾರ್ಕ್ಸ್ ಕಂಡ ಕೂಡಲೇ ಕಂಪನಿಯನ್ನು ಬೈಯಬೇಡಿ. ನನಗಂತೂ ಪ್ಲಸ್‌ಗಿಂತ ಟಾರ್ಕ್ಸ್ ಬಿಚ್ಚುವುದೇ ಇಷ್ಟ.

ಇನ್ನು ಕೆಲವು ನಿಮ್ಮ ಜೀವ ಉಳಿಸಲು ಇವೆ. ಮೈಕ್ರೊವೇವ್‌ನದು ಈ ಗುಂಪು, ಅದಕ್ಕೆ ಆಮೇಲೆ ಬರುತ್ತೇನೆ.

ಮೂರನೆಯ ಗುಂಪು ನಿಮ್ಮನ್ನೂ ನನ್ನನ್ನೂ ಹೊರಗಿಡಲೆಂದೇ ಬಂದದ್ದು. ನಿಮ್ಮ ಐದು ಎಸಳಿನ ಪೆಂಟಲೋಬ್ ಅದರ ಸ್ಪಷ್ಟ ಉದಾಹರಣೆ. ಆ್ಯಪಲ್ ಅದನ್ನು 2009ರ 15 ಇಂಚಿನ ಮ್ಯಾಕ್‌ಬುಕ್ ಪ್ರೊ ಬ್ಯಾಟರಿ ಹಿಡಿಯಲು ಬಳಸಿತು. 2010ರಲ್ಲಿ ಮ್ಯಾಕ್‌ಬುಕ್ ಏರ್ ತಳಕ್ಕೆ ಬಂತು. ಐಫೋನ್ 4 ಮೊದಲು ಸಾಮಾನ್ಯ ಪ್ಲಸ್ ಸ್ಕ್ರೂ ಜೊತೆಗೇ ಬಂದಿತ್ತು, ಆಮೇಲೆ ಅದಕ್ಕೂ ಪೆಂಟಲೋಬ್ ಹಾಕಿದರು. ರಿಪೇರಿಗೆ ಬಂದ ಫೋನಿನ ಪ್ಲಸ್ ಸ್ಕ್ರೂ ತೆಗೆದು ಪೆಂಟಲೋಬ್ ಹಾಕಿ ಕಳಿಸುತ್ತಾರೆ ಅಂತ 2011ರಲ್ಲಿ ಅಮೆರಿಕದ ರಿಪೇರಿ ಸಂಸ್ಥೆ ಐಫಿಕ್ಸಿಟ್ ಬಹಿರಂಗವಾಗಿ ತಕರಾರು ಎತ್ತಿತು. ಆ ಕಾಲದಲ್ಲಿ ಇದರ ಬಿಟ್ ಸಿಗುವುದೇ ಕಷ್ಟವಿತ್ತು. ಇವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಮೊಬೈಲ್ ಟೂಲ್ಸ್ ಅಂಗಡಿಗೆ ಹೋದರೂ ಕೊಡುತ್ತಾರೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಅಂದರೆ ತಡೆ ಅಂತ ಹಾಕಿದ್ದು ತಡೆಯಾಗಿ ಉಳಿದಿಲ್ಲ. ಗಡಿಬಿಡಿಯಲ್ಲಿ ತಪ್ಪು ಸ್ಕ್ರೂಡ್ರೈವರ್ ಹಾಕುವವರ ಯಂತ್ರ ಮಾತ್ರ ಹಾಳಾಗುತ್ತಿದೆ. ನನಗೆ ಬೇಸರ ಇರುವುದು ಇದರ ಬಗ್ಗೆಯೇ. ಸವೆಯುವ ವಸ್ತು ಬ್ಯಾಟರಿ. ಅದನ್ನು ಬದಲಿಸಲೇಬೇಕಾದ ದಿನ ಬರುತ್ತದೆ ಅಂತ ಗೊತ್ತಿದ್ದೂ ಮುಚ್ಚಳಕ್ಕೆ ಇಂಥ ಸ್ಕ್ರೂ ಹಾಕುವುದು ಸರಿಯಲ್ಲ.

ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಎರಡೇ ಬಿಟ್: ತಳಕ್ಕೆ ಪಿ5, ಒಳಗೆ ಬ್ಯಾಟರಿಗೆ ಟಿ5. ಪಿ5 ಅಂದರೆ 1.2 ಮಿಲಿಮೀಟರ್ ಅಳತೆಯ ಪೆಂಟಲೋಬ್, ಟಿ5 ಅಂದರೆ ಟಾರ್ಕ್ಸ್‌ನ ಒಂದು ಸಣ್ಣ ಅಳತೆ. ಐಫೋನ್‌ಗೆ ಬರುವ ಪಿ2 0.8 ಮಿಲಿಮೀಟರ್, ಅದನ್ನು ಇದಕ್ಕೆ ಹಾಕಿದರೆ ಒಳಗೇ ಸುತ್ತುತ್ತದೆ. ಅಂಗಡಿಯಲ್ಲಿ ಕೇಳುವಾಗ ಒಂದು ಎಚ್ಚರ: ನಮ್ಮ ಕಡೆ "ಸ್ಟಾರ್" ಅಂದರೆ ಪ್ಲಸ್ ಸ್ಕ್ರೂಡ್ರೈವರ್ ಕೊಟ್ಟುಬಿಡುತ್ತಾರೆ. ಪಿ5, ಟಿ5 ಅಂತ ಅಳತೆ ಹೇಳಿಯೇ ಕೇಳಿ. ಹೊರಗಿನ ಕಂಪನಿಗಳ ಬ್ಯಾಟರಿ ಕೊಂಡರೆ ಎಷ್ಟೋ ಸಲ ಡಬ್ಬಿಯಲ್ಲೇ ಎರಡು ಪುಟ್ಟ ಸ್ಕ್ರೂಡ್ರೈವರ್ ಬರುತ್ತವೆ. ಅದರ ಲೋಹ ಮೆದು. ಚೆನ್ನಾಗಿರುವ ಸ್ಕ್ರೂಗೆ ಒಂದು ಸಲಕ್ಕೆ ಸಾಕು, ಸವೆದ ಸ್ಕ್ರೂಗೆ ಸಾಲದು. ಸೆಟ್ ಕೊಳ್ಳುವುದಾದರೆ ಎಸ್2 ಸ್ಟೀಲ್ (ಗಟ್ಟಿ ಉಕ್ಕು) ಅಂತ ಬರೆದಿರುವುದನ್ನು ನೋಡಿ. ಎಷ್ಟು ಬಿಟ್ ಇವೆ ಅನ್ನುವುದಕ್ಕಿಂತ ತುದಿ ಚೂಪಾಗಿದೆಯಾ, ಅಂಚು ಸರಿಯಾಗಿ ಮೂಡಿದೆಯಾ ಅನ್ನುವುದು ಮುಖ್ಯ.

ಈಗ ಸವೆದ ಸ್ಕ್ರೂ. ಇಲ್ಲಿ ಎಲ್ಲರೂ ಮಾಡುವುದು ಒಂದೇ: ತಳದ ಹತ್ತು ಸ್ಕ್ರೂಗಳಲ್ಲಿ ಸುಲಭದ ಒಂಬತ್ತನ್ನು ತೆಗೆದು, ಕಷ್ಟದ ಒಂದನ್ನು ಕೊನೆಗೆ ಇಟ್ಟುಕೊಳ್ಳುವುದು. ನಿಮ್ಮ ವಿಷಯದಲ್ಲಿ ಅದನ್ನು ಮಾಡಬೇಡಿ. ಊದಿದ ಬ್ಯಾಟರಿ ಮುಚ್ಚಳವನ್ನು ಒಳಗಿನಿಂದ ನೂಕುತ್ತಿದೆ. ಆ ಬಲವನ್ನು ಈಗ ಹತ್ತು ಸ್ಕ್ರೂಗಳು ಹಂಚಿಕೊಂಡಿವೆ. ಒಂದೊಂದೇ ತೆಗೆಯುತ್ತಾ ಹೋದರೆ ಪೂರ್ತಿ ಎಳೆತ ಉಳಿದ ಸ್ಕ್ರೂ ಮೇಲೆ ಬೀಳುತ್ತದೆ, ಅದು ಇನ್ನೂ ಬಿಗಿಯುತ್ತದೆ. ಮುಚ್ಚಳವೂ ಒಂದು ಮೂಲೆಯಲ್ಲಿ ಹಿಡಿದು ಬಾಗುತ್ತದೆ. ಆದ್ದರಿಂದ ಸವೆದದ್ದನ್ನೇ ಮೊದಲು ನೋಡಿಕೊಳ್ಳಿ, ಬಾಕಿ ಒಂಬತ್ತು ಮುಚ್ಚಳವನ್ನು ಹಿಡಿದಿರುವಾಗಲೇ.

ಮೊದಲು ಹೊಸ ಪಿ5 ಬಿಟ್ ಹಾಕಿ ನೋಡಿ. ಫ್ಲ್ಯಾಟ್ ಸ್ಕ್ರೂಡ್ರೈವರ್ ಸಾಮಾನ್ಯವಾಗಿ ಎರಡು ಎಸಳನ್ನು ಹಾಳು ಮಾಡಿರುತ್ತದೆ, ಮೂರು ಉಳಿದಿರುತ್ತವೆ. ಸೂಜಿಯಿಂದ ಗುಳಿಯ ಕೊಳೆ ತೆಗೆಯಿರಿ. ಬಿಟ್ ನೆಟ್ಟಗೆ ಕೂರಲಿ, ಓರೆ ಬೇಡ. ಕೈಯ ಬಲದಲ್ಲಿ ಹೆಚ್ಚಿನ ಪಾಲು ಕೆಳಗೆ ಒತ್ತಲು ಹೋಗಬೇಕು, ತಿರುಗಿಸಲು ಸ್ವಲ್ಪ ಸಾಕು. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಈ ಸ್ಕ್ರೂಗಳ ಎಳೆಗೆ ಕಾರ್ಖಾನೆಯಲ್ಲೇ ನೀಲಿ ಅಂಟು ಹಚ್ಚಿರುತ್ತಾರೆ, ಆ ಹಿಡಿತ ಹೀಗೆ ಬಿಡುತ್ತದೆ. ಮುಚ್ಚಳ ಉಬ್ಬಿರುವ ಜಾಗದ ಮೇಲೆ ಕೈ ಊರಬೇಡಿ. ಸ್ಕ್ರೂ ಪಕ್ಕದ ಅಂಚಿನಲ್ಲಿ ಮಾತ್ರ ಊರಿ. ಬಿಟ್ ಜಾರಿದ ಮೊದಲ ಸಲವೇ ನಿಲ್ಲಿಸಿ. ಜಾರುತ್ತಿರುವುದನ್ನು ಮತ್ತೆ ಮತ್ತೆ ತಿರುಗಿಸಿದರೆ ಉಳಿದ ಮೂರು ಎಸಳೂ ಹೋಗುತ್ತವೆ.

ಅದೂ ಆಗದಿದ್ದರೆ ಮುಂದಿನ ದಾರಿ ಸ್ಕ್ರೂ ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಪರದೆಯ ಕೀಲಿನ ಕಡೆ, ಅಂದರೆ ಹಿಂಭಾಗದಲ್ಲಿದ್ದರೆ ಅದರ ಕೆಳಗೆ ಬ್ಯಾಟರಿ ಇಲ್ಲ. ಅಲ್ಲಿ 1.2 ಅಥವಾ 1.5 ಮಿಲಿಮೀಟರ್ ಫ್ಲ್ಯಾಟ್ ಬಿಟ್ಟನ್ನು ಉಳಿದ ಎಸಳುಗಳ ನಡುವೆ ಗಟ್ಟಿಯಾಗಿ ಕೂರಿಸಿ ಪ್ರಯತ್ನಿಸಬಹುದು. ಯಜಮಾನರು ಮಾಡಿದ್ದೂ ಅದೇ ಅಲ್ವಾ ಅಂತ ಕೇಳಬಹುದು. ವ್ಯತ್ಯಾಸ ಅಳತೆಯಲ್ಲಿದೆ. ಗುಳಿಗೆ ಸರಿಯಾಗಿ ತುಂಬುವ ಬಿಟ್ ಇರಬೇಕು. ಹಳೆ ಬಿಟ್ ಒಂದಕ್ಕೆ ಗಟ್ಟಿ ಅಂಟು ಹಚ್ಚಿ ತಲೆಗೆ ಅಂಟಿಸಿ, ರಾತ್ರಿಯಿಡೀ ಬಿಟ್ಟು ತಿರುಗಿಸುವವರೂ ಇದ್ದಾರೆ. ಅಂಟು ಪಕ್ಕಕ್ಕೆ ಹರಿದರೆ ಸ್ಕ್ರೂ ಮುಚ್ಚಳಕ್ಕೇ ಅಂಟಿಕೊಳ್ಳುತ್ತದೆ, ಅದಕ್ಕೇ ನಾನು ಅದನ್ನು ಕೊನೆಗೆ ಇಡುತ್ತೇನೆ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸುವ ಉಪಾಯ ದೊಡ್ಡ ಪ್ಲಸ್ ಸ್ಕ್ರೂಗೆ ಸರಿ. 1.2 ಮಿಲಿಮೀಟರ್ ಗುಳಿಯಲ್ಲಿ ರಬ್ಬರೇ ಜಾಗ ತುಂಬಿಬಿಡುತ್ತದೆ, ಬಿಟ್‌ಗೆ ಹಿಡಿತವೇ ಸಿಗುವುದಿಲ್ಲ.

ಸವೆದ ಸ್ಕ್ರೂ ಮುಂಭಾಗದಲ್ಲಿ, ಟ್ರ್ಯಾಕ್‌ಪ್ಯಾಡ್ ಕಡೆ ಇದ್ದರೆ ಮನೆಯಲ್ಲಿ ಮುಂದುವರಿಯಬೇಡಿ. ಅದರ ಪಕ್ಕದಲ್ಲೇ ಊದಿದ ಬ್ಯಾಟರಿ. ಡ್ರಿಲ್ ಜಾರಿದರೆ ಚೀಲ ತೂತಾಗುತ್ತದೆ. ಕಟಿಂಗ್ ಮೆಷಿನ್ ಕಿಡಿ ಹಾರಿಸುತ್ತದೆ, ಲೋಹದ ಪುಡಿ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಸೋಲ್ಡರಿಂಗ್ ಐರನ್ ತುದಿ ಇಟ್ಟು ಅಂಟು ಮೆತ್ತಗೆ ಮಾಡುವುದು ಬೇರೆ ಕಡೆ ಒಳ್ಳೆಯ ಉಪಾಯ, ಇಲ್ಲಿ ಬೇಡ. ಇದಕ್ಕೆ ಲ್ಯಾಪ್‌ಟಾಪ್ ರಿಪೇರಿ ಮಾಡುವ ಅನುಭವಿಗಳು ಕೈಯಲ್ಲಿ ಹಿಡಿದು ತಿರುಗಿಸುವ ಸಣ್ಣ ಡ್ರಿಲ್‌ನಿಂದ ತಲೆಯನ್ನಷ್ಟೇ ಕೆತ್ತಿ ತೆಗೆಯುತ್ತಾರೆ. ತಲೆ ಹೋದರೆ ಮುಚ್ಚಳ ಬರುತ್ತದೆ, ಉಳಿದ ಮೊಳೆಯನ್ನು ಆಮೇಲೆ ಇಕ್ಕಳದಲ್ಲಿ ತಿರುಗಿಸಬಹುದು. ಅಂಥವರ ಹತ್ತಿರ ಹೋದಾಗ "ಪಿ5 ಬಿಟ್ ಇದೆಯಾ, ಊದಿದ ಬ್ಯಾಟರಿ ತೆಗೆದು ಅಭ್ಯಾಸ ಇದೆಯಾ" ಅಂತ ನೇರವಾಗಿ ಕೇಳಿ. ಬಿಸಿಗಾಳಿ ಹಾಕಿ ಬಿಡಿಸುತ್ತೇನೆ ಅಂದರೆ ವಾಪಸ್ ತನ್ನಿ. ಬೆಂಗಳೂರಿಗೆ ಕೊರಿಯರ್ ಮಾಡುವ ಯೋಚನೆಯೂ ಬೇಡ. ಹಾಳಾದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ, ಟ್ರಕ್‌ನಲ್ಲಿ ಹೋದರೂ ಯಾರದೋ ಸಾಮಾನಿನ ಜೊತೆ ಕುಲುಕುತ್ತಾ ಹೋಗಬಾರದು.

ಸವೆದದ್ದು ಬಂದಮೇಲೆ ಉಳಿದವನ್ನು ಅರ್ಧರ್ಧ ಸುತ್ತು, ಒಂದು ಈ ಕಡೆ ಒಂದು ಆ ಕಡೆ ಅಂತ ಸಡಿಲಿಸಿ. ಮುಚ್ಚಳ ನಿಧಾನವಾಗಿ ಏರಲಿ. ಕೀಲಿನ ಕಡೆ ನಡುವಿನ ಎರಡು ಸ್ಕ್ರೂ 9 ಮಿಲಿಮೀಟರ್ ಉದ್ದ, ಬಾಕಿ ಎಂಟು 2.6 ಮಿಲಿಮೀಟರ್. ಕಾಗದದ ಮೇಲೆ ತಳದ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಅಂಟಿಸಿಡಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದು ಹಾಕಿ ಬೋರ್ಡ್‌ನ ತಂತಿಗೆರೆಗಳನ್ನೇ ತುಂಡು ಮಾಡಿಕೊಂಡ ಐಫೋನ್‌ಗಳು ರಿಪೇರಿ ಮಾಡುವವರಿಗೆಲ್ಲ ಪರಿಚಿತ. ಸ್ಕ್ರೂ ಬಿಚ್ಚುವಾಗ ಆಗುವುದಕ್ಕಿಂತ ವಾಪಸ್ ಹಾಕುವಾಗ ಆಗುವ ಹಾನಿ ದೊಡ್ಡದು, ಮತ್ತು ಅದು ತಕ್ಷಣ ಕಾಣಿಸುವುದಿಲ್ಲ.

ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಪ್ಲಾಸ್ಟಿಕ್ ಕಡ್ಡಿ ಬಳಸಿ, ಲೋಹ ಬೇಡ. ಆಮೇಲೆ ಐದು ಟಿ5 ಸ್ಕ್ರೂ, ಅವೂ ಬೇರೆ ಬೇರೆ ಉದ್ದ. ಅದೃಷ್ಟಕ್ಕೆ ನಿಮ್ಮ ಮಾಡೆಲ್‌ನಲ್ಲಿ ಬ್ಯಾಟರಿಯನ್ನು ಸ್ಕ್ರೂನಲ್ಲಿ ಹಿಡಿಸಿದ್ದಾರೆ. ರೆಟಿನಾ ಮ್ಯಾಕ್‌ಬುಕ್ ಪ್ರೊ ಆಗಿದ್ದರೆ ಅಂಟು ಹಾಕಿ ಕೂರಿಸಿರುತ್ತಿದ್ದರು, ಊದಿದ್ದನ್ನು ಎಬ್ಬಿಸುವುದು ಮನೆಯ ಕೆಲಸ ಆಗುತ್ತಿರಲಿಲ್ಲ. ಬ್ಯಾಟರಿಯನ್ನು ಬಾಗಿಸದೆ, ಒತ್ತದೆ, ಚೌಕಟ್ಟು ಹಿಡಿದು ಎತ್ತಿ. ಕಿಟಕಿ ತೆರೆದಿರಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇರಲಿ. ಹಿಸ್ ಅಂತ ಸದ್ದು, ಸಿಹಿ ಥರದ ವಾಸನೆ, ಹೊಗೆ, ಏನೇ ಬಂದರೂ ಬಿಟ್ಟು ಹೊರಗೆ ಹೋಗಿ. ಆ ಹೊಗೆ ವಿಷ. ಯಂತ್ರ ಉಳಿಸಲು ಹೋಗಬೇಡಿ.

ನಿಂಟೆಂಡೊ ಸ್ವಿಚ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರ ಹೊರಗಿನ ಸ್ಕ್ರೂ ಮೂರು ರೆಕ್ಕೆಯ ಟ್ರೈ‌ವಿಂಗ್, ವೈ00 ಬಿಟ್ ಬೇಕು. ಜೊತೆಗಿರುವ ಪ್ಲಸ್ ಥರದವು ಜಪಾನಿನ ಜೆಐಎಸ್ ಮಾದರಿಯವು. ನಮ್ಮ ಮಾಮೂಲಿ ಪ್ಲಸ್ ಬಿಟ್ ಹಾಕಿದರೆ ಜಾರಿ ಸವೆಯುತ್ತವೆ, ಜೆಐಎಸ್ ಬಿಟ್ಟನ್ನೇ ತನ್ನಿ. ಒಳಗಿನ ರಿಬ್ಬನ್ ಕೇಬಲ್ ಬಹಳ ನಾಜೂಕು. ಮಗನ ಜೊತೆ ಕೂತು, ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ, ನಿಧಾನವಾಗಿ ಮಾಡಿದರೆ ಕಲಿಯಲು ಒಳ್ಳೆಯ ಯಂತ್ರ.

ಮೈಕ್ರೊವೇವ್ ಮಾತ್ರ ಬೇಡ. ನಡುವೆ ಕಡ್ಡಿ ಇರುವ ಆ ಸ್ಕ್ರೂ ಟಾರ್ಕ್ಸ್‌ನ ಸೆಕ್ಯುರಿಟಿ ರೂಪ, ಸಾಮಾನ್ಯವಾಗಿ ಟಿ20 ಅಳತೆ. ತುದಿಯಲ್ಲಿ ತೂತಿರುವ ಬಿಟ್ ಹಾಕಿದರೆ ಸಲೀಸಾಗಿ ಬರುತ್ತದೆ. ನಿಮ್ಮ ಹೊಸ ಸೆಟ್‌ನಲ್ಲಿ ಅದೂ ಇರುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಒಳಗಿನ ಕೆಪಾಸಿಟರ್ (ವಿದ್ಯುತ್ ಚಾರ್ಜ್ ಹಿಡಿದಿಡುವ ಭಾಗ) 2000 ವೋಲ್ಟ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ತಾನಾಗಿ ಇಳಿಸಲು ಒಳಗೊಂದು ರೆಸಿಸ್ಟರ್ ಇರುತ್ತದೆ, ಆದರೆ ಕೆಟ್ಟು ಕೂತ ಯಂತ್ರದಲ್ಲಿ ಅದೂ ಕೆಟ್ಟಿದೆಯೋ ಇಲ್ಲವೋ ನೋಡಿದರೆ ಗೊತ್ತಾಗುವುದಿಲ್ಲ. ಆ ಶಾಕ್ ಜೀವ ತೆಗೆಯಬಲ್ಲದು. ಬಾಗಿಲಿನ ಸುರಕ್ಷಾ ಸ್ವಿಚ್‌ಗಳು ಕದಲಿದರೆ ಬಾಗಿಲು ತೆರೆದಾಗಲೂ ಅಲೆ ಹೊರಬರುವ ಅಪಾಯ ಬೇರೆ. ಟಿವಿ, ಯುಪಿಎಸ್, ಅಡಾಪ್ಟರ್‌ಗಳ ಪವರ್ ಸಪ್ಲೈ ಕೂಡ ಸುಮ್ನೆ ಕುತೂಹಲಕ್ಕೆ ತೆರೆಯುವಂಥದ್ದಲ್ಲ. ನಮ್ಮ 230 ವೋಲ್ಟ್ ಅಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ.

ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದನ್ನು ಬೇರೆ ಕಸದ ಜೊತೆ ಸೇರಿಸುವಂತಿಲ್ಲ. ಕನೆಕ್ಟರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ, ಮರಳು ಹಾಕಿದ ಲೋಹದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ನೆರಳಲ್ಲಿಡಿ. ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ "ಊದಿದೆ" ಅಂತ ಮೊದಲೇ ಹೇಳಿ ಕೊಡಿ. ಹೊಸ ಬ್ಯಾಟರಿ ಬರುವ ತನಕ ಅರ್ಜೆಂಟ್ ಕಡತಗಳು ಬೇಕಿದ್ದರೆ, ಬ್ಯಾಟರಿ ಇಲ್ಲದೆ ಮುಚ್ಚಳ ಹಾಕಿ ಚಾರ್ಜರ್ ಮೇಲೆಯೇ ಈ ಲ್ಯಾಪ್‌ಟಾಪ್ ಓಡುತ್ತದೆ. ವೇಗ ಕಡಿಮೆ ಇರುತ್ತದೆ, ಚಾರ್ಜರ್ ವೈರ್ ಕಳಚಿದರೆ ಥಟ್ಟಂತ ಆಫ್ ಆಗುತ್ತದೆ. ಸವೆದ ಸ್ಕ್ರೂವನ್ನು ಮತ್ತೆ ಹಾಕಬೇಡಿ. ಪೆಂಟಲೋಬ್ ಬಿಡಿಯಾಗಿ ಸಿಗುತ್ತದೆ. ಸಿಗುವ ತನಕ ಆ ಒಂದು ತೂತು ಖಾಲಿ ಇದ್ದರೂ ತೊಂದರೆ ಇಲ್ಲ, ಒಂಬತ್ತು ಸ್ಕ್ರೂ ಮುಚ್ಚಳವನ್ನು ಚೆನ್ನಾಗಿಯೇ ಹಿಡಿಯುತ್ತವೆ.